ಸ್ವಂತದ್ದೋ, ಹೊರಗಿನದೋ: ವಿಡಿಯೊ ಗೇಮ್ ಸ್ಟುಡಿಯೋಗಳು ಎಂಜಿನ್ ಆರಿಸುವ ಬಗೆ

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ತಾನೇ ಬೆಳೆಸಿದ್ದ ರೆಡ್‌ಎಂಜಿನ್ ಎಂಬ ಗೇಮ್ ಎಂಜಿನ್ ಅನ್ನು, ಅಂದರೆ ಆಟವನ್ನು ನಡೆಸುವ ತಂತ್ರಾಂಶವನ್ನು, ಪಕ್ಕಕ್ಕಿಟ್ಟು, ‘ವಿಚರ್’ ಸರಣಿಯ ಮುಂದಿನ ಆಟವನ್ನು ಅಮೆರಿಕದ ಎಪಿಕ್ ಗೇಮ್ಸ್ ಕಂಪನಿಯ ಅನ್‌ರಿಯಲ್ ಎಂಜಿನ್ 5ರ ಮೇಲೆ ಕಟ್ಟುವುದಾಗಿ 2022ರ ಮಾರ್ಚ್‌ನಲ್ಲಿ ಪ್ರಕಟಿಸಿತು. 2024ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಒಡೆತನದ ‘ಹೇಲೋ’ ಸ್ಟುಡಿಯೋ ಕೂಡ ತನ್ನ ಸ್ಲಿಪ್‌ಸ್ಪೇಸ್ ಎಂಜಿನ್ ಬಿಟ್ಟು ಅದೇ ಅನ್‌ರಿಯಲ್‌ಗೆ ಹೋಗುವುದಾಗಿ ಹೇಳಿತು. ಇವೆರಡರ ನಡುವೆ, 2023ರ ಸೆಪ್ಟೆಂಬರ್‌ನಲ್ಲಿ, ಎದುರು ದಿಕ್ಕಿನ ಓಟವೊಂದು ನಡೆಯಿತು. ಯೂನಿಟಿ ಎಂಬ ಸಿದ್ಧ ಎಂಜಿನ್ ನಂಬಿ ಆಟ ಕಟ್ಟುತ್ತಿದ್ದ ಸಣ್ಣ ತಂಡಗಳು ಅಲ್ಲಿಂದ ಹೊರಬೀಳುವ ದಾರಿ ಹುಡುಕತೊಡಗಿದವು.

ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ ದೊಡ್ಡವರು ಸ್ವಂತದ್ದನ್ನು ಬಿಟ್ಟು ಹೊರಗಿನದರತ್ತ ನಡೆದರು, ಸಣ್ಣವರು ಹೊರಗಿನದರಿಂದ ಬಿಡಿಸಿಕೊಳ್ಳಲು ನೋಡಿದರು. ಹೀಗೇಕೆ? ಯಾವ ಎಂಜಿನ್‌ನಲ್ಲಿ ಚಿತ್ರ ಚೆನ್ನಾಗಿ ಕಾಣುತ್ತದೆ ಎಂದು ಹೋಲಿಸಿ ನೋಡಿದರೆ ಇದು ಅರ್ಥವಾಗುವುದಿಲ್ಲ. ಮುಂದಿನ ಹತ್ತು ವರ್ಷ ಯಾರನ್ನು ನಂಬಿಕೊಂಡು ಕೆಲಸ ಮಾಡಬೇಕು ಎಂಬ ಲೆಕ್ಕಾಚಾರವನ್ನು ಹಿಡಿದರೆ ಎರಡೂ ನಡೆಗಳು ಅರ್ಥವಾಗುತ್ತವೆ.

## ಎಂಜಿನ್ ಮಾಡುವ ಕೆಲಸ

ಮೊಬೈಲ್‌ನಲ್ಲಿ ಬಿಜಿಎಂಐ ಎಂಬ ಗುಂಡಿನ ಕಾಳಗದ ಆಟ ಆಡುವ ಹುಡುಗಿಯೊಬ್ಬಳು ಪರದೆಯ ಮೇಲೆ ಬೆರಳು ಜಾರಿಸುತ್ತಾಳೆ. ಅವಳ ಪಾತ್ರ ಓಡಿಹೋಗಿ ಗೋಡೆಯ ಹಿಂದೆ ಅಡಗುತ್ತದೆ. ಅಷ್ಟು ಆಗಲು ಫೋನಿನೊಳಗೆ ಬೆರಳಿನ ಚಲನೆಯನ್ನು ಓದಬೇಕು, ಪಾತ್ರದ ಕೈಕಾಲು ಆಡಿಸಬೇಕು, ಗೋಡೆಗೆ ಮೈ ತಾಗಿತೇ ಎಂದು ಲೆಕ್ಕ ಹಾಕಬೇಕು, ಬಿಸಿಲು ನೆರಳು ಬಿಡಿಸಬೇಕು, ಗುಂಡಿನ ಸದ್ದು ಯಾವ ಕಡೆಯಿಂದ ಕೇಳಬೇಕೆಂದು ತೀರ್ಮಾನಿಸಬೇಕು, ಉಳಿದ ಆಟಗಾರರು ಎಲ್ಲಿದ್ದಾರೆಂದು ಇಂಟರ್ನೆಟ್ ಮೂಲಕ ತಿಳಿಯಬೇಕು. ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಇಷ್ಟೂ ಕೆಲಸ ಪ್ರತಿ ಬಾರಿಯೂ ಸುಮಾರು 17 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು.

ಈ ಕೆಲಸಗಳನ್ನು ನೋಡಿಕೊಳ್ಳುವ ತಂತ್ರಾಂಶವೇ ಗೇಮ್ ಎಂಜಿನ್. ಕಥೆ, ಪಾತ್ರಗಳು, ನಿಯಮಗಳು, ಊರು ಕಾಡುಗಳ ವಿನ್ಯಾಸ ಆಟದವು. ಅವನ್ನು ಪರದೆಯ ಮೇಲೆ ನಡೆಸಿಕೊಡುವುದು ಎಂಜಿನ್.

ಎಂಜಿನ್‌ನ ಇನ್ನೊಂದು ಭಾಗ ಆಟಗಾರರ ಕಣ್ಣಿಗೆ ಬೀಳುವುದೇ ಇಲ್ಲ. ಅದು ಸ್ಟುಡಿಯೋದೊಳಗಿನ ಕಲಾವಿದರು ಮತ್ತು ವಿನ್ಯಾಸಕರು ಬಳಸುವ ಸಾಧನಗಳ ಗುಚ್ಛ. ಮರವೊಂದನ್ನು ಎತ್ತಿ ಬೆಟ್ಟದ ಮೇಲೆ ನೆಡಲು, ಪಾತ್ರದ ಮಾತಿಗೆ ತುಟಿಯ ಚಲನೆ ಹೊಂದಿಸಲು, ಬದಲಾವಣೆಯನ್ನು ಕೂಡಲೇ ಆಡಿ ನೋಡಲು ಬೇಕಾದ ಪರಿಕರಗಳು ಅಲ್ಲಿರುತ್ತವೆ. ಒಂದು ತಂಡ ದಿನಕ್ಕೆ ಎಷ್ಟು ಕೆಲಸ ಮಾಡುತ್ತದೆ ಎಂಬುದು ಬಹುಪಾಲು ಈ ಪರಿಕರಗಳ ಗುಣಮಟ್ಟವನ್ನು ಅವಲಂಬಿಸಿದೆ. ನೂರಾರು ಜನರ ತಂಡದಲ್ಲಿ ಸಣ್ಣದೊಂದು ಬದಲಾವಣೆಯನ್ನು ಪರೀಕ್ಷಿಸಲು ಪ್ರತಿಯೊಬ್ಬರೂ ಹತ್ತು ನಿಮಿಷ ಕಾಯಬೇಕಾಗಿ ಬಂದರೆ ವರ್ಷದ ಕೊನೆಗೆ ಆಗುವ ನಷ್ಟವನ್ನು ಊಹಿಸಿಕೊಳ್ಳಬಹುದು. ಎಂಜಿನ್ ಚರ್ಚೆಗಳಲ್ಲಿ ಹೊರಗಿನವರು ಹೆಚ್ಚಾಗಿ ಮರೆಯುವುದು ಇದನ್ನೇ.

ಆಟವನ್ನೂ ಎಂಜಿನ್ ಅನ್ನೂ ಬೇರ್ಪಡಿಸಿ ನೋಡುವ ರೂಢಿ ಬಲವಾಗಿ ಬೇರೂರಿದ್ದು 1990ರ ದಶಕದಲ್ಲಿ. ಐಡಿ ಸಾಫ್ಟ್‌ವೇರ್ 1993ರಲ್ಲಿ ‘ಡೂಮ್’ ತಂದಾಗ, ಅದರ ಒಳಗಿನ ತಂತ್ರಾಂಶವನ್ನು ಹಾಗೆಯೇ ಇಟ್ಟುಕೊಂಡು ಮೇಲಿನ ಚಿತ್ರ, ಶಬ್ದ, ಹಂತಗಳನ್ನಷ್ಟೇ ಬದಲಿಸಿ ಬೇರೆ ಆಟ ಕಟ್ಟಬಹುದು ಎಂಬುದು ಎಲ್ಲರಿಗೂ ಕಂಡಿತು. ಅದೇ ಕಂಪನಿಯ ‘ಕ್ವೇಕ್’ ಎಂಜಿನ್ ಅನ್ನು ಪರವಾನಗಿ ಪಡೆದು ವಾಲ್ವ್ ಕಂಪನಿ 1998ರಲ್ಲಿ ‘ಹಾಫ್-ಲೈಫ್’ ಕಟ್ಟಿತು. ‘ಅನ್‌ರಿಯಲ್’ ಎಂಬ ಆಟ ಬಂದದ್ದೂ ಅದೇ ವರ್ಷ. ಆ ಆಟವನ್ನು ಇಂದು ನೆನೆಯುವವರು ಕಡಿಮೆ. ಅದರ ಎಂಜಿನ್ ಮಾತ್ರ ಅದೇ ಹೆಸರಿನಲ್ಲಿ ಉದ್ಯಮದ ತುಂಬ ಹರಡಿದೆ. ಬಿಜಿಎಂಐಗೆ ಮೂಲವಾದ ಪಬ್‌ಜಿ ಹುಟ್ಟಿದ್ದು ಅನ್‌ರಿಯಲ್ 4ರ ಮೇಲೆ. ‘ಫ್ರೀ ಫೈರ್’ ಮತ್ತು ‘ಪೋಕೆಮಾನ್ ಗೋ’ ಯೂನಿಟಿಯವು. ಈ ಯೂನಿಟಿ 2005ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಸಣ್ಣ ತಂಡವೊಂದರಿಂದ ಶುರುವಾಯಿತು.

## ಕಟ್ಟುವ ಖರ್ಚು, ಕಾಯುವ ಖರ್ಚು

ಮನೆಗೆ ನೀರು ಬೇಕೆಂದರೆ ಸ್ವಂತ ಕೊಳವೆಬಾವಿ ಕೊರೆಸಬಹುದು, ಇಲ್ಲವೇ ಜಲಮಂಡಳಿಯ ನಲ್ಲಿ ಹಾಕಿಸಬಹುದು. ಕೊಳವೆಬಾವಿ ಇದ್ದವರು ಯಾವ ಹೊತ್ತಿಗೆ ಬೇಕಾದರೂ, ಎಷ್ಟು ಬೇಕಾದರೂ ನೀರು ಎತ್ತುತ್ತಾರೆ. ಮೋಟಾರು ಸುಟ್ಟ ದಿನ ರಿಪೇರಿಯ ಹೊಣೆಯೂ ಅವರದೇ. ನಲ್ಲಿ ಹಾಕಿಸಿದವರಿಗೆ ಆ ಚಿಂತೆ ಇಲ್ಲ. ಆದರೆ ನೀರು ಯಾವಾಗ ಬಿಡಬೇಕು, ದರ ಎಷ್ಟಿರಬೇಕು ಎಂಬುದನ್ನು ನಿರ್ಧರಿಸುವವರು ಬೇರೆ. ಸ್ವಂತ ಎಂಜಿನ್ ಮತ್ತು ಹೊರಗಿನ ಎಂಜಿನ್ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಇಷ್ಟೇ.

ಎಂಜಿನ್ ಅನ್ನು ಒಮ್ಮೆ ಬರೆದು ಮುಗಿಸಲು ಬರುವುದಿಲ್ಲ. ಸೋನಿಯ ಆಟದ ಯಂತ್ರ (ಕನ್ಸೋಲ್) ಪ್ಲೇಸ್ಟೇಷನ್ 4 ಹೋಗಿ 5 ಬಂದಾಗ, ಹೊಸ ಗ್ರಾಫಿಕ್ಸ್ ಚಿಪ್ ಬಂದಾಗ, ಆ್ಯಂಡ್ರಾಯ್ಡ್ ನಿಯಮ ಬದಲಾದಾಗ, ಹೀಗೆ ಪ್ರತಿ ಸಲವೂ ಅದನ್ನು ತಿದ್ದಬೇಕು. ಹೊಸದಾಗಿ ಸೇರಿದವರಿಗೆ ಕಲಿಸಬೇಕು. ಯಾವ ಭಾಗ ಏಕೆ ಹಾಗಿದೆ ಎಂದು ಬರೆದಿಡಬೇಕು. ಆ ಬರವಣಿಗೆ ನಡೆಯದೆ, ಬರೆದ ಎಂಜಿನಿಯರ್ ಕೆಲಸ ಬಿಟ್ಟುಹೋದರೆ ಎಂಜಿನ್‌ನ ಒಂದು ಭಾಗವನ್ನು ಮುಟ್ಟಲು ಎಲ್ಲರೂ ಹೆದರುವ ಸ್ಥಿತಿ ಬರುತ್ತದೆ. ಹೇಲೋ ಸ್ಟುಡಿಯೋ ತನ್ನ ನಿರ್ಧಾರಕ್ಕೆ ಕೊಟ್ಟ ಕಾರಣಗಳಲ್ಲಿ ಸ್ಲಿಪ್‌ಸ್ಪೇಸ್‌ನ ಕೆಲವು ಭಾಗಗಳು ಸುಮಾರು 25 ವರ್ಷ ಹಳೆಯವು ಎಂಬುದೂ ಒಂದು. ಎಪಿಕ್ ಆಗಲೇ ಬೆಳೆಸಿಟ್ಟ ಸೌಲಭ್ಯಗಳನ್ನು ತಾವು ಮತ್ತೆ ಮೊದಲಿನಿಂದ ಕಟ್ಟಲು ಹೋದರೆ ಅಪಾರ ಸಮಯ ಮತ್ತು ಹಣ ಬೇಕಾಗುತ್ತಿತ್ತು ಎಂದೂ ಅವರು ವಿವರಿಸಿದರು.

ಹೊರಗಿನ ಎಂಜಿನ್‌ನ ಲೆಕ್ಕ ಕಾಗದದ ಮೇಲೆ ಸರಳ. ಅನ್‌ರಿಯಲ್ ಬಳಸಿದ ಆಟವೊಂದರ ಒಟ್ಟು ಆದಾಯ 10 ಲಕ್ಷ ಡಾಲರ್ ಮುಟ್ಟುವ ತನಕ ಏನೂ ಕೊಡಬೇಕಿಲ್ಲ. ಅದನ್ನು ದಾಟಿದ ಮೇಲಿನ ಹಣದಲ್ಲಿ ಶೇ 5ರಷ್ಟು ರಾಯಧನ ಎಪಿಕ್‌ಗೆ ಹೋಗುತ್ತದೆ. ಎಪಿಕ್‌ನ ಸ್ವಂತ ಮಳಿಗೆಯಲ್ಲೂ ಮೊದಲ ದಿನವೇ ಬಿಡುಗಡೆ ಮಾಡುವವರಿಗೆ 2025ರಿಂದ ಅದು ಶೇ 3.5. ಯೂನಿಟಿಯಲ್ಲಿ ದೊಡ್ಡ ತಂಡಗಳು ತಲಾ ಒಬ್ಬರಿಗೆ ಇಂತಿಷ್ಟು ಎಂದು ವಾರ್ಷಿಕ ಚಂದಾ ಕಟ್ಟುತ್ತವೆ. ಗೊಡೊ ಎಂಬ ಎಂಜಿನ್ ಅರ್ಜೆಂಟೀನಾದ ಇಬ್ಬರು ಪ್ರೋಗ್ರಾಮರ್‌ಗಳ ಕೈಯಲ್ಲಿ ಹುಟ್ಟಿ 2014ರಲ್ಲಿ ಮುಕ್ತ ತಂತ್ರಾಂಶವಾಯಿತು. ಅದಕ್ಕೆ ರಾಯಧನವೂ ಇಲ್ಲ, ಚಂದಾವೂ ಇಲ್ಲ.

ಶೇ 5 ಎಂದರೆ ಹೆಚ್ಚೋ ಕಡಿಮೆಯೋ? ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಎಂಜಿನ್‌ಗೆಂದೇ ಹತ್ತು ಮಂದಿ ಎಂಜಿನಿಯರ್‌ಗಳನ್ನು ಇಟ್ಟುಕೊಂಡು ತಲಾ ವರ್ಷಕ್ಕೆ 1 ಲಕ್ಷ ಡಾಲರ್ ಖರ್ಚು ಮಾಡುವ ಸ್ಟುಡಿಯೋ ಇದೆ ಎಂದುಕೊಳ್ಳಿ. ಆಟ ಮುಗಿಯಲು ನಾಲ್ಕು ವರ್ಷ ಹಿಡಿದರೆ 40 ಲಕ್ಷ ಡಾಲರ್ ಖರ್ಚಾಗುತ್ತದೆ. ಶೇ 5ರ ರಾಯಧನ ಅಷ್ಟೇ ಮೊತ್ತಕ್ಕೆ ಏರಬೇಕಾದರೆ ಆ ಆಟ 8.1 ಕೋಟಿ ಡಾಲರ್ ಗಳಿಸಬೇಕು. ಬಹುತೇಕ ಆಟಗಳು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗಾಗಿ ಸಣ್ಣ ತಂಡಕ್ಕೆ ಹೊರಗಿನ ಎಂಜಿನ್ ಅಗ್ಗ. ನೂರಾರು ಕೋಟಿ ಡಾಲರ್ ವಹಿವಾಟಿನ ಪ್ರಕಾಶಕರ ಲೆಕ್ಕವೇ ಬೇರೆ. ಅವರು ಒಂದೋ ಎಪಿಕ್ ಜೊತೆ ಚೌಕಾಸಿ ಮಾಡಿ ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳುತ್ತಾರೆ, ಇಲ್ಲವೇ ಸ್ವಂತ ಎಂಜಿನ್ ಒಂದನ್ನು ಹತ್ತಾರು ಆಟಗಳಿಗೆ ಬಳಸಿ ಖರ್ಚನ್ನು ಹಂಚಿಹಾಕಲು ನೋಡುತ್ತಾರೆ.

## ಸ್ವಂತದ್ದೇ ಬೇಕು ಎನ್ನುವವರು

ಕೆಲವು ಆಟಗಳು ಎಂಜಿನ್‌ನಿಂದಲೇ ಹುಟ್ಟುತ್ತವೆ. ಫಿನ್‌ಲೆಂಡ್‌ನ ಹೆಲ್ಸಿಂಕಿಯ ನೊಲ್ಲಾ ಗೇಮ್ಸ್ 2020ರಲ್ಲಿ ಪೂರ್ಣಗೊಳಿಸಿದ ‘ನೊಯಿಟಾ’ದಲ್ಲಿ ಪರದೆಯ ಪ್ರತಿ ಚುಕ್ಕೆಗೂ ಅದರದೇ ಸ್ವಭಾವವಿದೆ. ಮರ ಉರಿಯುತ್ತದೆ, ನೀರು ಹರಿದು ಬೆಂಕಿ ಆರಿಸುತ್ತದೆ, ಆಮ್ಲ ನೆಲವನ್ನು ತಿನ್ನುತ್ತದೆ. ಸ್ವೀಡನ್‌ನ ‘ಟಿಯರ್‌ಡೌನ್’ ಆಟದಲ್ಲಿ ಯಾವ ಗೋಡೆಯನ್ನು ಯಾವ ಜಾಗದಲ್ಲಿ ಬೇಕಾದರೂ ಒಡೆಯಬಹುದು, ಏಕೆಂದರೆ ಇಡೀ ಲೋಕ ಸಣ್ಣ ಘನಾಕೃತಿಗಳಿಂದ ಆಗಿದೆ. ಸಿದ್ಧ ಎಂಜಿನ್‌ಗಳು ಗೋಡೆಯನ್ನು ಟೊಳ್ಳು ಮೇಲ್ಮೈಯಾಗಿ ಬಿಡಿಸುತ್ತವೆ. ಅವುಗಳ ಮೇಲೆ ಇಂಥ ಆಟ ಕಟ್ಟಲು ಹೊರಟರೆ ಎಂಜಿನ್ ಕೊಡುವ ಬಹುಪಾಲನ್ನು ಕಿತ್ತು ಬದಿಗಿಡಬೇಕು. ಹಾಗೆ ಮಾಡುವ ಬದಲು ತಮಗೆ ಬೇಕಾದಷ್ಟನ್ನೇ ಬರೆದುಕೊಳ್ಳುವುದು ಮೇಲು ಎಂದು ಆ ತಂಡಗಳು ತೀರ್ಮಾನಿಸಿದವು. 2024ರ ‘ಅನಿಮಲ್ ವೆಲ್’ ಬಿಲ್ಲಿ ಬ್ಯಾಸೋ ಎಂಬ ಒಬ್ಬನೇ ಪ್ರೋಗ್ರಾಮರ್ ಸ್ವಂತ ಎಂಜಿನ್ ಸಮೇತ ಕಟ್ಟಿದ ಆಟ. ಸ್ವಂತ ಎಂಜಿನ್ ದೊಡ್ಡವರ ಸೊತ್ತು ಎಂಬ ನಂಬಿಕೆ ಪೂರ್ತಿ ನಿಜವಲ್ಲ.

ದೊಡ್ಡವರಲ್ಲಿ ರಾಕ್‌ಸ್ಟಾರ್‌ನ ಕಥೆಯನ್ನು ವಿವರವಾಗಿ ನೋಡಬೇಕು. 2001ರ ‘ಗ್ರ್ಯಾಂಡ್ ಥೆಫ್ಟ್ ಆಟೊ 3’, ಆ ಮೇಲಿನ ‘ವೈಸ್ ಸಿಟಿ’, 2004ರ ‘ಸ್ಯಾನ್ ಆ್ಯಂಡ್ರಿಯಾಸ್’ ಈ ಮೂರೂ ನಿಂತದ್ದು ರೆಂಡರ್‌ವೇರ್ ಎಂಬ ಹೊರಗಿನ ತಂತ್ರಾಂಶದ ಮೇಲೆ. ಅದನ್ನು ತಯಾರಿಸುತ್ತಿದ್ದುದು ಬ್ರಿಟನ್‌ನ ಕ್ರೈಟೀರಿಯನ್ ಕಂಪನಿ. ಪ್ಲೇಸ್ಟೇಷನ್ 2ರ ಕಾಲದಲ್ಲಿ ಹಲವಾರು ಸ್ಟುಡಿಯೋಗಳು ಅದನ್ನೇ ನೆಚ್ಚಿಕೊಂಡಿದ್ದವು. 2004ರಲ್ಲಿ ರಾಕ್‌ಸ್ಟಾರ್‌ನ ಎದುರಾಳಿಯಾದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಕ್ರೈಟೀರಿಯನ್ ಅನ್ನೇ ಕೊಂಡುಬಿಟ್ಟಿತು. ತಮ್ಮ ಅತ್ಯಂತ ಬೆಲೆಬಾಳುವ ಆಟದ ಬುಡ ಎದುರಾಳಿಯ ಕೈಯಲ್ಲಿದೆ ಎಂಬ ಸ್ಥಿತಿ ರಾಕ್‌ಸ್ಟಾರ್‌ಗೆ ಎದುರಾಯಿತು. ಅದು ತನ್ನ ಸ್ಯಾನ್ ಡಿಯಾಗೊ ತಂಡದ ತಂತ್ರಾಂಶವನ್ನು ಬೆಳೆಸಿ ರೇಜ್ ಎಂಬ ಎಂಜಿನ್ ರೂಪಿಸಿತು. ಅದರ ಮೊದಲ ಆಟ 2006ರಲ್ಲಿ ಬಂದ ಟೇಬಲ್ ಟೆನಿಸ್. ಎರಡು ದಾಂಡು, ಒಂದು ಮೇಜು, ಒಂದು ಚೆಂಡು ಇರುವ ಸಣ್ಣ ಆಟದಲ್ಲಿ ಎಂಜಿನ್ ಅನ್ನು ಪಳಗಿಸಿ, ಆಮೇಲೆ 2008ರಲ್ಲಿ ಅದರ ಮೇಲೆ ಇಡೀ ನಗರ ಕಟ್ಟಿದರು. ಅದೇ ಎಂಜಿನ್‌ನ ಮುಂದಿನ ರೂಪದ ಮೇಲೆ 2013ರಲ್ಲಿ ಬಂದ ‘ಗ್ರ್ಯಾಂಡ್ ಥೆಫ್ಟ್ ಆಟೊ 5’ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಹೊಸ ಎಂಜಿನ್ ಅನ್ನು ಮೊದಲು ಸಣ್ಣ ಕೆಲಸಕ್ಕೆ ಹಚ್ಚಿದ ಆ ತಾಳ್ಮೆ ನನಗೆ ಇಡೀ ಕಥೆಯ ಅತ್ಯಂತ ಜಾಣ ಭಾಗವಾಗಿ ಕಾಣುತ್ತದೆ.

ಜಪಾನಿನ ಕ್ಯಾಪ್‌ಕಾಮ್ ಕೂಡ ಇದೇ ಹಾದಿಯದು. 2016ರ ‘ಸ್ಟ್ರೀಟ್ ಫೈಟರ್ 5’ ಅನ್‌ರಿಯಲ್ 4ರಲ್ಲಿತ್ತು, 2023ರ ಆರನೆಯದು ಸ್ವಂತ ಆರ್‌ಇ ಎಂಜಿನ್‌ಗೆ ಬಂತು. 2017ರ ‘ರೆಸಿಡೆಂಟ್ ಈವಿಲ್ 7’ರೊಂದಿಗೆ ಶುರುವಾದ ಆ ಎಂಜಿನ್ ಭಯದ ಆಟ, ಕಾದಾಟ, ಬೇಟೆ ಎಲ್ಲಕ್ಕೂ ದುಡಿಯುತ್ತಿದೆ. ವರ್ಷ ವರ್ಷವೂ ಆಟ ತರುವ, ಎಂಜಿನ್ ತಂಡ ಪಕ್ಕದಲ್ಲೇ ಇರುವ ಕಂಪನಿಗೆ ಸ್ವಂತದ್ದು ಲಾಭದಾಯಕ.

## ಒಬ್ಬರಿಗೆಂದು ಕಟ್ಟಿದ್ದು ಇನ್ನೊಬ್ಬರಿಗೆ

ಖರ್ಚು ಹಂಚಿಹಾಕುವ ಯೋಚನೆ ಎಲ್ಲ ಕಡೆಯೂ ಕ್ಯಾಪ್‌ಕಾಮ್‌ನಷ್ಟು ಸಲೀಸಾಗಿ ನಡೆಯಲಿಲ್ಲ. ಎಲೆಕ್ಟ್ರಾನಿಕ್ ಆರ್ಟ್ಸ್ ಬಳಿ ಫ್ರಾಸ್ಟ್‌ಬೈಟ್ ಎಂಬ ಬಲಶಾಲಿ ಎಂಜಿನ್ ಇದೆ. ಸ್ಟಾಕ್‌ಹೋಮ್‌ನ ಡೈಸ್ ಸ್ಟುಡಿಯೋ ಅದನ್ನು ‘ಬ್ಯಾಟಲ್‌ಫೀಲ್ಡ್’ ಯುದ್ಧದ ಆಟಗಳಿಗಾಗಿ ಕಟ್ಟಿತು. 2008ರಲ್ಲಿ ಅದರ ಮೊದಲ ಆಟ ಬಂತು. ಬಂದೂಕು, ವಾಹನ, ಕುಸಿಯುವ ಕಟ್ಟಡಗಳಲ್ಲಿ ಅದನ್ನು ಮೀರಿಸುವವರು ಕಡಿಮೆ. ಮುಂದೆ ಕಂಪನಿಯ ಉಳಿದ ಸ್ಟುಡಿಯೋಗಳೂ ಒಂದೊಂದಾಗಿ ಅದರತ್ತ ಸರಿದವು. ಹೊರಗಿನವರಿಗೆ ರಾಯಧನ ಕೊಡುವುದು ತಪ್ಪುತ್ತದೆ, ಒಂದು ತಂಡ ಕಲಿತದ್ದು ಎಲ್ಲರಿಗೂ ಒದಗುತ್ತದೆ ಎಂಬುದು ಲೆಕ್ಕ.

ಕೆನಡಾದ ಬಯೋವೇರ್ ತಂಡ ಮಾಡುತ್ತಿದ್ದುದು ಪಾತ್ರಾಭಿನಯದ ಆಟಗಳನ್ನು. ಅಲ್ಲಿ ಆಟಗಾರ ಆಯುಧ, ಉಡುಪು ಕೂಡಿಡುತ್ತಾನೆ, ಪಾತ್ರಗಳೊಡನೆ ದೀರ್ಘವಾಗಿ ಮಾತಾಡುತ್ತಾನೆ, ಹತ್ತಾರು ಗಂಟೆಗಳ ಆಟವನ್ನು ಎಲ್ಲಿ ಬೇಕಾದರೂ ಉಳಿಸಿ ಮುಂದುವರಿಸುತ್ತಾನೆ. ಫ್ರಾಸ್ಟ್‌ಬೈಟ್‌ನಲ್ಲಿ ಆಗ ಇವಕ್ಕೆ ಬೇಕಾದ ವ್ಯವಸ್ಥೆಗಳೇ ಇರಲಿಲ್ಲ ಎಂದು ಆ ಆಟಗಳಲ್ಲಿ ಕೆಲಸ ಮಾಡಿದವರು ನಂತರ ಹೇಳಿದ್ದಾರೆ. ಯುದ್ಧದ ಆಟಕ್ಕೆ ಅವು ಬೇಕಿರಲಿಲ್ಲ, ಹಾಗಾಗಿ ಯಾರೂ ಬರೆದಿರಲಿಲ್ಲ. 2014ರ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ಈ ಕಷ್ಟದ ನಡುವೆಯೂ ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಆಟವೆನಿಸಿತು. 2017ರ ‘ಮಾಸ್ ಎಫೆಕ್ಟ್: ಆ್ಯಂಡ್ರೊಮಿಡಾ’ ಮತ್ತು 2019ರ ‘ಆ್ಯಂಥಮ್’ ನಿರಾಸೆ ತಂದವು. ಅವುಗಳ ಸೋಲಿಗೆ ಎಂಜಿನ್ ಒಂದೇ ಕಾರಣ ಎನ್ನುವುದು ತಪ್ಪಾಗುತ್ತದೆ. ನಿರ್ವಹಣೆಯ ಗೊಂದಲಗಳೂ ಇದ್ದವು. ಆದರೆ ಇಲ್ಲದ ಪರಿಕರಗಳನ್ನು ಕಟ್ಟುತ್ತ ಕಳೆದ ತಿಂಗಳುಗಳು ಆಟವನ್ನು ತಿದ್ದಿ ತೀಡಲು ಸಿಗಲಿಲ್ಲ.

ಎಲೆಕ್ಟ್ರಾನಿಕ್ ಆರ್ಟ್ಸ್‌ನದೇ ಇನ್ನೊಂದು ಸ್ಟುಡಿಯೋ ರೆಸ್ಪಾನ್ 2019ರಲ್ಲಿ ‘ಸ್ಟಾರ್ ವಾರ್ಸ್ ಜೆಡೈ: ಫಾಲನ್ ಆರ್ಡರ್’ ತಂದಾಗ ಬಳಸಿದ್ದು ಅನ್‌ರಿಯಲ್ 4. ಬಯೋವೇರ್‌ನ ಮುಂದಿನ ‘ಮಾಸ್ ಎಫೆಕ್ಟ್’ ಕೂಡ ಅನ್‌ರಿಯಲ್ 5ರಲ್ಲಿ ತಯಾರಾಗುತ್ತಿದೆ. ಒಂದೇ ಛಾವಣಿಯಡಿ ಇದ್ದ ಮಾತ್ರಕ್ಕೆ ಒಂದು ಎಂಜಿನ್ ಎಲ್ಲರಿಗೂ ‘ಸ್ವಂತದ್ದು’ ಆಗುವುದಿಲ್ಲ. ಬಯೋವೇರ್‌ನ ದೃಷ್ಟಿಯಲ್ಲಿ ಫ್ರಾಸ್ಟ್‌ಬೈಟ್ ಕೂಡ ದೂರದ ದೇಶದ ಬೇರೊಂದು ತಂಡದ ವಸ್ತುವೇ. ತೊಡಕು ಬಂದಾಗ ಆ ತಂಡಕ್ಕೆ ತನ್ನದೇ ಆಟದ ಗಡುವು ಇರುತ್ತಿತ್ತು.

## ರೆಡ್‌ಎಂಜಿನ್ ಏಕೆ ಕೈಬಿಟ್ಟರು?

ವಾರ್ಸಾದ ಸಿಡಿ ಪ್ರಾಜೆಕ್ಟ್ ರೆಡ್ 2007ರಲ್ಲಿ ತನ್ನ ಮೊದಲ ‘ವಿಚರ್’ ತಂದಾಗ ಬಳಸಿದ್ದು ಇದೇ ಬಯೋವೇರ್‌ನಿಂದ ಪಡೆದ ಅರೋರಾ ಎಂಜಿನ್. ಅದು ತಮ್ಮ ಕಲ್ಪನೆಗೆ ಸಾಲದೆಂದು ಕಂಡದ್ದರಿಂದ 2011ರ ಎರಡನೆಯ ಆಟಕ್ಕೆ ರೆಡ್‌ಎಂಜಿನ್ ಕಟ್ಟಿದರು. ಅದರ ಮೇಲೆ 2015ರಲ್ಲಿ ಬಂದ ‘ವಿಚರ್ 3’ ಜಗತ್ತಿನ ಅತ್ಯುತ್ತಮ ಆಟಗಳ ಸಾಲಿಗೆ ಸೇರಿತು. ಅಲ್ಲಿಯ ತನಕ ಸ್ವಂತ ಎಂಜಿನ್ ಗೆಲುವಿನ ಗುಟ್ಟಿನಂತೆಯೇ ಕಂಡಿತು.

ಮುಂದಿನ ಆಟ ‘ಸೈಬರ್‌ಪಂಕ್ 2077’ ಅದರ ಇನ್ನೊಂದು ಮುಖ ತೋರಿಸಿತು. ಹಳ್ಳಿ ಕಾಡುಗಳಲ್ಲಿ ಕುದುರೆ ಸವಾರಿ ಮಾಡುವ ಆಟದ ಎಂಜಿನ್, ಈಗ ಕಿಕ್ಕಿರಿದ ಮಹಾನಗರವನ್ನು, ವೇಗದ ಕಾರುಗಳನ್ನು, ಪಾತ್ರದ ಕಣ್ಣಿನಿಂದಲೇ ಕಾಣುವ ನೋಟವನ್ನು ನಿಭಾಯಿಸಬೇಕಿತ್ತು. ಎಂಜಿನ್‌ನ ದೊಡ್ಡ ಭಾಗವನ್ನು ಹೊಸದಾಗಿ ಕಟ್ಟಬೇಕಾಯಿತು, ಆಟವೂ ಅದರ ಜೊತೆಯಲ್ಲೇ ತಯಾರಾಗಬೇಕಾಯಿತು. ಬುಡ ಅಲುಗಾಡುತ್ತಿರುವಾಗ ಅದರ ಮೇಲೆ ಕೆಲಸ ಮಾಡುವ ಕಲಾವಿದರ ಶ್ರಮ ಪದೇ ಪದೇ ವ್ಯರ್ಥವಾಗುತ್ತದೆ. 2020ರ ಡಿಸೆಂಬರ್ 10ರಂದು ಆಟ ಬಿಡುಗಡೆಯಾಯಿತು. ಹಳೆಯ ಕನ್ಸೋಲ್‌ಗಳಲ್ಲಿ ಅದರ ಸ್ಥಿತಿ ಎಷ್ಟು ಕೆಟ್ಟಿತ್ತೆಂದರೆ ಸೋನಿ ಅದೇ ತಿಂಗಳು ಅದನ್ನು ತನ್ನ ಆನ್‌ಲೈನ್ ಮಳಿಗೆಯಿಂದ ತೆಗೆದುಹಾಕಿ ಹಣ ಮರಳಿಸಿತು. ಮರಳಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ರೆಡ್‌ಎಂಜಿನ್ ಕೆಟ್ಟ ಎಂಜಿನ್ ಆಗಿರಲಿಲ್ಲ. ತಿದ್ದುಪಡಿಗಳ ನಂತರ ಸೈಬರ್‌ಪಂಕ್ ಮೆಚ್ಚುಗೆ ಗಳಿಸಿತು, 2023ರಲ್ಲಿ ಅದೇ ಎಂಜಿನ್ ಮೇಲೆ ಬಂದ ವಿಸ್ತರಣೆ ‘ಫ್ಯಾಂಟಮ್ ಲಿಬರ್ಟಿ’ ಚೆನ್ನಾಗಿತ್ತು. ತೊಡಕು ಇದ್ದದ್ದು ಬೇರೆಡೆ. ಪ್ರತಿ ಆಟಕ್ಕೂ ಎಂಜಿನ್ ಅನ್ನು ಮತ್ತೆ ಬಿಚ್ಚಿ ಜೋಡಿಸಬೇಕಿದ್ದರೆ ಏಕಕಾಲಕ್ಕೆ ಎರಡು ಮೂರು ದೊಡ್ಡ ಆಟ ಕಟ್ಟುವುದು ಆಗದ ಮಾತು. ಕಂಪನಿಗೆ ಈಗ ಅದೇ ಬೇಕಿತ್ತು. ಜೊತೆಗೆ, ರೆಡ್‌ಎಂಜಿನ್ ಬಲ್ಲವರು ಹೊರಗೆ ಎಲ್ಲೂ ಸಿಗುವುದಿಲ್ಲ, ಸೇರಿದ ಪ್ರತಿಯೊಬ್ಬರಿಗೂ ಒಳಗೇ ಕಲಿಸಬೇಕು. ಅನ್‌ರಿಯಲ್ ಬಲ್ಲವರು ಜಗತ್ತಿನ ತುಂಬ ಇದ್ದಾರೆ.

ಸಿಡಿ ಪ್ರಾಜೆಕ್ಟ್ ರೆಡ್‌ನವರು ಬರಿಗೈಯಲ್ಲಿ ಗಿರಾಕಿಯಾಗಿ ಹೋಗಲಿಲ್ಲ ಎಂಬುದೂ ಮುಖ್ಯ. ಎಪಿಕ್ ಜೊತೆ ಹಲವು ವರ್ಷಗಳ ಸಹಭಾಗಿತ್ವ ಮಾಡಿಕೊಂಡು, ವಿಶಾಲ ಮುಕ್ತ ಲೋಕಗಳನ್ನು ತಡೆಯಿಲ್ಲದೆ ನಡೆಸುವ ಸೌಲಭ್ಯಗಳನ್ನು ಅನ್‌ರಿಯಲ್‌ನಲ್ಲಿ ಬೆಳೆಸಲು ತಮ್ಮ ಎಂಜಿನಿಯರ್‌ಗಳನ್ನೂ ತೊಡಗಿಸಿದರು. 2025ರ ಜೂನ್‌ನಲ್ಲಿ ‘ವಿಚರ್ 4’ರ ತಾಂತ್ರಿಕ ಪ್ರದರ್ಶನವನ್ನು ಎಪಿಕ್‌ನದೇ ವೇದಿಕೆಯಲ್ಲಿ ತೋರಿಸಿದರು.

## ದರ ಬದಲಾದ ದಿನ

ಹೊರಗಿನ ಎಂಜಿನ್‌ನ ಅಪಾಯ ಎಲ್ಲಿದೆ ಎಂಬುದು 2023ರ ಸೆಪ್ಟೆಂಬರ್ 12ರಂದು ಎಲ್ಲರಿಗೂ ತಿಳಿಯಿತು. ಅಂದು ಯೂನಿಟಿ ಹೊಸ ಶುಲ್ಕ ಪ್ರಕಟಿಸಿತು. 2024ರ ಜನವರಿ 1ರಿಂದ, ನಿಗದಿತ ಮಿತಿ ದಾಟಿದ ಆಟವನ್ನು ಯಾರಾದರೂ ಹೊಸದಾಗಿ ಅಳವಡಿಸಿಕೊಂಡ ಪ್ರತಿ ಸಲವೂ ಆಟ ಕಟ್ಟಿದವರು ಯೂನಿಟಿಗೆ ಹಣ ಕಟ್ಟಬೇಕು. ಉಚಿತ ಯೋಜನೆಯಲ್ಲಿ ಇದ್ದವರಿಗೆ ಆ ಮಿತಿ ವರ್ಷಕ್ಕೆ 2 ಲಕ್ಷ ಡಾಲರ್ ಆದಾಯ ಮತ್ತು ಒಟ್ಟು 2 ಲಕ್ಷ ಅಳವಡಿಕೆ. ಅಮೆರಿಕದಂಥ ಮಾರುಕಟ್ಟೆಗಳಲ್ಲಿ ಶುಲ್ಕ ತಲಾ 20 ಸೆಂಟ್.

ಕೇಳಲು ಸಣ್ಣ ಮೊತ್ತ. ಆದರೆ ಉಚಿತವಾಗಿ ಹಂಚಿ, ಜಾಹೀರಾತಿನಿಂದ ಬದುಕುವ ಮೊಬೈಲ್ ಆಟವನ್ನು ಯೋಚಿಸಿ. ಮಿತಿ ದಾಟಿದ ಮೇಲೆ ಅಂಥ ಮಾರುಕಟ್ಟೆಯಲ್ಲಿ ಇನ್ನೂ 10 ಲಕ್ಷ ಜನ ಅಳವಡಿಸಿಕೊಂಡರೆ 2 ಲಕ್ಷ ಡಾಲರ್ ಕಟ್ಟಬೇಕು. ಅವರಲ್ಲಿ ಬಹುಪಾಲು ಜನ ಒಂದು ಪೈಸೆಯನ್ನೂ ಖರ್ಚು ಮಾಡುವುದಿಲ್ಲ, ಅನೇಕರು ಎರಡು ನಿಮಿಷ ಆಡಿ ಅಳಿಸಿಹಾಕುತ್ತಾರೆ. ಆಟ ಜನಪ್ರಿಯವಾದಷ್ಟೂ ಸಾಲ ಏರುವ ಸ್ಥಿತಿ ಇದು. ತಲಾ ಗಳಿಕೆ ಕಡಿಮೆ ಇರುವ ಭಾರತದಂಥ ಮಾರುಕಟ್ಟೆಗಳಿಗೆ ದರ ಇದಕ್ಕಿಂತ ಕಡಿಮೆ ಇತ್ತು. ಈಗಾಗಲೇ ಮಾರಾಟದಲ್ಲಿರುವ ಆಟಗಳಿಗೂ ಅದು ಅನ್ವಯಿಸುತ್ತಿತ್ತು. ವರ್ಷಗಟ್ಟಲೆ ಹಿಂದೆ ಬೇರೆ ದರ ನಂಬಿ ಯೂನಿಟಿ ಆರಿಸಿದವರಿಗೆ ಆಟವನ್ನು ಬೇರೊಂದು ಎಂಜಿನ್‌ನಲ್ಲಿ ಮತ್ತೆ ಬರೆಯುವುದೊಂದೇ ಉಳಿದ ದಾರಿ. ಅವರ ಸಿಟ್ಟು ನ್ಯಾಯವಾದದ್ದೇ ಆಗಿತ್ತು.

ಹತ್ತು ದಿನದಲ್ಲಿ ಯೂನಿಟಿ ಮಣಿದು ಉಚಿತ ಯೋಜನೆಯವರನ್ನು ಶುಲ್ಕದಿಂದ ಹೊರಗಿಟ್ಟಿತು, ಉಳಿದವರಿಗೆ ಆದಾಯದ ಶೇ 2.5ರ ಮೇಲ್ಮಿತಿ ಹಾಕಿತು. ಅಕ್ಟೋಬರ್‌ನಲ್ಲಿ ಮುಖ್ಯ ಕಾರ್ಯನಿರ್ವಾಹಕ ಜಾನ್ ರಿಚಿಟೆಲ್ಲೊ ಹುದ್ದೆ ತೊರೆದರು. 2024ರ ಸೆಪ್ಟೆಂಬರ್‌ನಲ್ಲಿ ಆಟಗಳ ಮೇಲಿನ ಆ ಶುಲ್ಕವೇ ರದ್ದಾಯಿತು. ಅಷ್ಟರಲ್ಲಿ ‘ಟೆರೇರಿಯಾ’ ಆಟದ ರೀ-ಲಾಜಿಕ್ ಸಂಸ್ಥೆ ಗೊಡೊ ಯೋಜನೆಗೆ 1 ಲಕ್ಷ ಡಾಲರ್ ದೇಣಿಗೆ ಕೊಟ್ಟಿತ್ತು. ‘ಸ್ಲೇ ದ ಸ್ಪೈರ್’ ತಯಾರಿಸಿದ ಮೆಗಾ ಕ್ರಿಟ್ ತಂಡ ಆಗಲೇ ಕೆಲಸ ಶುರುವಾಗಿದ್ದ ತನ್ನ ಮುಂದಿನ ಆಟವನ್ನು ಗೊಡೊಗೆ ಸಾಗಿಸಿತು.

ಬೇರೆಯವರ ಜಗಳದಿಂದಲೂ ತೊಂದರೆ ಬರಬಹುದು. 2020ರ ಆಗಸ್ಟ್‌ನಲ್ಲಿ ಆ್ಯಪಲ್ ಮತ್ತು ಎಪಿಕ್ ನಡುವೆ ‘ಫೋರ್ಟ್‌ನೈಟ್’ ಆಟದ ಹಣಪಾವತಿ ಕುರಿತು ಕಾದಾಟ ಶುರುವಾಯಿತು. ಎಪಿಕ್‌ನ ಖಾತೆಗಳನ್ನೇ ಮುಚ್ಚುವುದಾಗಿ ಆ್ಯಪಲ್ ಹೇಳಿತು. ಹಾಗಾಗಿದ್ದರೆ ಐಫೋನ್‌ಗಳಿಗಾಗಿ ಅನ್‌ರಿಯಲ್ ಅನ್ನು ಬೆಳೆಸುವುದು ನಿಲ್ಲುತ್ತಿತ್ತು. ಆ ಜಗಳಕ್ಕೆ ಸಂಬಂಧವೇ ಇಲ್ಲದ ಸ್ಟುಡಿಯೋಗಳ ಆಟಗಳು ಅತಂತ್ರವಾಗುತ್ತಿದ್ದವು. ಮೈಕ್ರೋಸಾಫ್ಟ್ ಕೂಡ ನ್ಯಾಯಾಲಯದಲ್ಲಿ ಎಪಿಕ್ ಪರ ಹೇಳಿಕೆ ಸಲ್ಲಿಸಿತು. ಆಗಸ್ಟ್ 24ರಂದು ಕ್ಯಾಲಿಫೋರ್ನಿಯಾದ ನ್ಯಾಯಾಧೀಶೆ, ಫೋರ್ಟ್‌ನೈಟ್ ಹೊರಗೇ ಇರಲಿ, ಆದರೆ ಅನ್‌ರಿಯಲ್ ಎಂಜಿನ್ ಮುಟ್ಟುವಂತಿಲ್ಲ ಎಂದು ತಡೆಯಾಜ್ಞೆ ಕೊಟ್ಟರು.

## ನಡುವಿನ ದಾರಿಗಳು

ವಾಸ್ತವದಲ್ಲಿ ನೂರಕ್ಕೆ ನೂರು ಸ್ವಂತದ್ದು ಎಂಬುದು ಅಪರೂಪ. ಸ್ವಂತ ಎಂಜಿನ್ ಇರುವವರೂ ವಸ್ತುಗಳ ಡಿಕ್ಕಿಯ ಲೆಕ್ಕಕ್ಕೆ ಹ್ಯಾವೊಕ್, ಧ್ವನಿಗೆ ವೈಸ್ ಅಥವಾ ಎಫ್‌ಮಾಡ್‌ನಂಥ ಬಿಡಿಭಾಗಗಳನ್ನು ಕೊಂಡು ಜೋಡಿಸುತ್ತಾರೆ. ಅನ್‌ರಿಯಲ್ ಬಳಸುವವರಿಗೆ ಅದರ ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ, ಓದಲು ಮತ್ತು ತಿದ್ದಲು ಸಿಗುತ್ತದೆ. ದೊಡ್ಡ ತಂಡಗಳು ಅದನ್ನು ಗುರುತು ಸಿಗದಷ್ಟು ಬದಲಿಸಿಕೊಳ್ಳುವುದುಂಟು. ಹಾಗೆ ಬದಲಿಸಿದಷ್ಟೂ ಎಪಿಕ್‌ನ ಮುಂದಿನ ಆವೃತ್ತಿಗೆ ಏರುವುದು ಕಷ್ಟ.

ಜಪಾನಿನ ಕೊಜಿಮಾ ಪ್ರೊಡಕ್ಷನ್ಸ್ ಇನ್ನೊಂದು ದಾರಿ ಹಿಡಿಯಿತು. ನೆದರ್‌ಲೆಂಡ್ಸ್‌ನ ಗೆರಿಲ್ಲಾ ಸ್ಟುಡಿಯೋ ತನಗಾಗಿ ಕಟ್ಟಿಕೊಂಡಿದ್ದ ಡೆಸಿಮಾ ಎಂಜಿನ್ ಅನ್ನು ಪಡೆದು 2019ರ ‘ಡೆತ್ ಸ್ಟ್ರಾಂಡಿಂಗ್’ ಕಟ್ಟಿತು. 2025ರ ಏಪ್ರಿಲ್‌ನಲ್ಲಿ ಬಂದ ‘ಆಬ್ಲಿವಿಯನ್’ನ ಹೊಸ ರೂಪದಲ್ಲಂತೂ ಎರಡು ಎಂಜಿನ್‌ಗಳಿವೆ. ಆಟದ ನಿಯಮಗಳನ್ನು 2006ರ ಹಳೆಯ ಎಂಜಿನ್ ನಡೆಸುತ್ತದೆ, ಚಿತ್ರವನ್ನು ಅನ್‌ರಿಯಲ್ 5 ಬಿಡಿಸುತ್ತದೆ.

ನಿರ್ಧಾರವನ್ನು ಬೇಗ ಮಾಡಬೇಕು ಎಂಬುದರಲ್ಲಿ ಎಲ್ಲರೂ ಒಮ್ಮತದವರು. ಸ್ಕ್ವೇರ್ ಎನಿಕ್ಸ್‌ನ ‘ಕಿಂಗ್‌ಡಮ್ ಹಾರ್ಟ್ಸ್ 3’ ಕಂಪನಿಯ ಸ್ವಂತ ಲ್ಯೂಮಿನಸ್ ಎಂಜಿನ್‌ನಲ್ಲಿ ಆರಂಭವಾಗಿ ಅನ್‌ರಿಯಲ್ 4ಕ್ಕೆ ಬದಲಾಯಿತು. 2013ರಲ್ಲಿ ಘೋಷಣೆಯಾದ ಆ ಆಟ ಕೈಗೆ ಬಂದದ್ದು 2019ರ ಜನವರಿಯಲ್ಲಿ. ಅದಕ್ಕೇ ಸ್ಟುಡಿಯೋಗಳು ಮೊದಲ ಕೆಲವು ತಿಂಗಳು ಆಟದ ಅತ್ಯಂತ ಕಠಿಣವಾದ ತುಣುಕೊಂದನ್ನು ಮಾತ್ರ ಕಟ್ಟಿ ನೋಡುತ್ತವೆ. ಅದು ಸಾವಿರ ಶತ್ರುಗಳ ದಂಡಾಗಿರಬಹುದು, ನೂರು ಆಟಗಾರರು ಒಟ್ಟಿಗೆ ಸೇರುವ ಕಣವಾಗಿರಬಹುದು. ಸಿದ್ಧ ಎಂಜಿನ್ ಆ ತುಣುಕನ್ನು ತಾಳಿಕೊಂಡರೆ ಸ್ವಂತದ್ದರ ಮಾತು ಅಲ್ಲಿಗೆ ಮುಗಿಯುತ್ತದೆ. ತಾಳದಿದ್ದರೆ, ಎಂಜಿನ್ ಕಟ್ಟಬಲ್ಲವರು ನಮ್ಮಲ್ಲಿದ್ದಾರೆಯೇ, ಈ ಆಟ ಸೋತರೂ ಅವರಿಗೆ ಸಂಬಳ ಕೊಡುವ ಶಕ್ತಿ ಇದೆಯೇ ಎಂಬ ಪ್ರಶ್ನೆಗಳು ಏಳುತ್ತವೆ.

## ಬೆಂಗಳೂರಿನಲ್ಲಿ ಕಲಿಯುವವರಿಗೆ

ಈ ವಿಷಯ ನಮ್ಮಿಂದ ದೂರದ್ದೇನೂ ಅಲ್ಲ. ಭಾರತದ ಮೊದಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದಾದ ಧ್ರುವ ಇಂಟರ್‌ಆ್ಯಕ್ಟಿವ್ 1997ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಕಲೆ, ಮಾದರಿಗಳನ್ನು ಅದು ಮಾಡಿಕೊಡುತ್ತಿತ್ತು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡು ಬೆಂಗಳೂರಿನ ತನ್ನ ಸ್ಟುಡಿಯೋದೊಂದಿಗೆ ಸೇರಿಸಿಕೊಂಡಿತು. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ ತಂದ ‘ರಾಜಿ’ ನಮ್ಮ ಪುರಾಣಗಳನ್ನು ಆಧರಿಸಿದ ಆಟ. ಕೆಲವೇ ಜನರಿದ್ದ ಆ ತಂಡ ಅನ್‌ರಿಯಲ್ 4 ಬಳಸಿತು. ಅಷ್ಟು ಸಣ್ಣ ತಂಡ ಎಂಜಿನ್ ಬರೆಯಲು ಕುಳಿತಿದ್ದರೆ ಆಟ ಬರುವುದು ಇನ್ನೆಷ್ಟು ತಡವಾಗುತ್ತಿತ್ತೋ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2024–29ರ ಅವಧಿಗೆ ಪ್ರತ್ಯೇಕ ನೀತಿ ರೂಪಿಸಿದ ಮೇಲೆ ಈ ಕ್ಷೇತ್ರದತ್ತ ನೋಡುವ ವಿದ್ಯಾರ್ಥಿಗಳಿಗೂ ಅವರ ಹೆತ್ತವರಿಗೂ ಒಂದು ಪ್ರಶ್ನೆ ಸಹಜ. ಯಾವ ಎಂಜಿನ್ ಕಲಿಯಬೇಕು?

ಸ್ವಂತ ಎಂಜಿನ್ ಇಟ್ಟುಕೊಂಡ ಸ್ಟುಡಿಯೋಗಳ ತಂತ್ರಾಂಶವನ್ನು ಹೊರಗೆ ಎಲ್ಲೂ ಕಲಿಯಲಾಗದು. ಅಲ್ಲಿ ಪ್ರೋಗ್ರಾಮರ್ ಆಗಲು ಬೇಕಾದದ್ದು ಸಿ++ ಭಾಷೆ, ರೇಖಾಗಣಿತ ಮತ್ತು ಬೀಜಗಣಿತದ ಗಟ್ಟಿ ತಳಹದಿ, ಯಂತ್ರ ತನ್ನ ಸ್ಮೃತಿಯನ್ನು ಹೇಗೆ ಬಳಸುತ್ತದೆ ಎಂಬ ತಿಳಿವಳಿಕೆ. ಕಲಾವಿದರಾಗುವವರಿಗೆ ಎಂಜಿನ್‌ಗಿಂತ ಚಿತ್ರರಚನೆಯ ಕೈಗುಣ, ಬೆಳಕು ಮತ್ತು ಅಂಗರಚನೆಯ ಅರಿವು ಮೊದಲು ಬೇಕು. ಅನ್‌ರಿಯಲ್, ಯೂನಿಟಿಗಳಲ್ಲಿ ಕೆಲಸ ಹುಡುಕುವವರಿಗೆ ಅವೆರಡೂ ಕಲಿಯಲು ಉಚಿತವಾಗಿಯೇ ಸಿಗುತ್ತವೆ, ಮಾರ್ಗದರ್ಶಿಗಳು ಹೇರಳವಾಗಿವೆ. ಎಂಜಿನ್ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಎಂದು ನೋಡುವ ಆಸೆ ಇದ್ದವರು ಗೊಡೊವನ್ನು ತೆರೆಯಬಹುದು. ಅದು ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ, ಅದರ ಪೂರ್ತಿ ಸೋರ್ಸ್ ಕೋಡ್ ಓದಲು, ಬದಲಿಸಿ ನೋಡಲು ಯಾರ ಅನುಮತಿಯೂ ಬೇಕಿಲ್ಲ.